ಪೇಟೆಯ ಹೆಸರೇ ಅಂಗಡಿಯ ವಿಳಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದು ಈ ಎರಡೂ ಕೆಲಸಗಳ ಕಷ್ಟ ಬಲ್ಲವರಾದ್ದರಿಂದ. ಬೆಂಗಳೂರಿನ ಮಟ್ಟಿಗೆ ಈ ಎರಡು ಕಷ್ಟಗಳ ದಾರಿಯೂ ಒಂದೇ. ಮದುವೆಯ ಸೀರೆಗೆ ಚಿಕ್ಕಪೇಟೆ, ಒಡವೆಗೆ ನಗರ್ತಪೇಟೆ, ಲಗ್ನಪತ್ರಿಕೆಗೆ ಸುಲ್ತಾನಪೇಟೆ, ಹೂವಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಮನೆ ಕಟ್ಟುವವರು ನಲ್ಲಿ, ಬೀಗ, ಬಣ್ಣ, ವೈರು ಹುಡುಕಿಕೊಂಡು ಬರುವ ಎಸ್.ಜೆ.ಪಿ. ರಸ್ತೆ ಇಲ್ಲಿಂದ ನಡೆದುಹೋಗುವಷ್ಟು ದೂರ. ಹಳೆಯ ಊರಿನ ಈ ಇಕ್ಕಟ್ಟು ಬೀದಿಗಳ ಜಾಲಕ್ಕೆ ಬೆಂಗಳೂರಿಗರು ಇಂದಿಗೂ ಇಟ್ಟುಕೊಂಡಿರುವ ಹೆಸರು ಒಂದೇ ಶಬ್ದದ್ದು: ಪೇಟೆ.

ಕನ್ನಡದಲ್ಲಿ ಸಂತೆ ಬೇರೆ, ಪೇಟೆ ಬೇರೆ. ಸಂತೆ ವಾರಕ್ಕೊಮ್ಮೆ ನೆರೆದು ಸಂಜೆಗೆ ಚದುರುತ್ತದೆ. ಪೇಟೆ ನಿಂತ ನೆಲದಲ್ಲೇ ಬೇರು ಬಿಟ್ಟ ವ್ಯಾಪಾರ. ಅಲ್ಲಿ ಅಂಗಡಿಯೂ ಇದೆ, ಅಂಗಡಿಯವನ ಮನೆಯೂ ಇದೆ, ಅವನ ದೇವರ ಗುಡಿಯೂ ಇದೆ. ಹಳ್ಳಿಯವರು ‘ಪೇಟೆಗೆ ಹೋಗಿ ಬರ್ತೀನಿ’ ಎಂದಾಗ ಊರು ಮತ್ತು ಅಂಗಡಿ ಎರಡೂ ಅದೇ ಮಾತಿನಲ್ಲಿ ಸೇರಿರುತ್ತವೆ. ಬೆಂಗಳೂರು ಹುಟ್ಟಿದ್ದೇ ಹೀಗೆ, ಪೇಟೆಯಾಗಿ. ಕಾರ್ಖಾನೆ, ಕಚೇರಿ, ಕಂಪ್ಯೂಟರ್ ಕಂಪನಿಗಳೆಲ್ಲ ಆಮೇಲೆ ಬಂದವು.

ನಾಲ್ಕು ದಿಕ್ಕಿನ ಎರಡು ಬೀದಿ

ಯಲಹಂಕದ ನಾಡಪ್ರಭು ಒಂದನೇ ಕೆಂಪೇಗೌಡ ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿಸಿದ್ದು 1537ರಲ್ಲಿ ಎಂಬುದು ರೂಢಿಯಲ್ಲಿರುವ ಲೆಕ್ಕ. ಊರಿನ ನಡುಮಧ್ಯದ ಒಂದು ಸ್ಥಳದಿಂದ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಕಟ್ಟಿ ನೇಗಿಲು ಹೊಡೆಸಿದ, ಆ ಸಾಲುಗಳೇ ಬೀದಿಗಳಾದವು ಎಂಬ ಕಥೆ ಜನರ ಬಾಯಲ್ಲಿದೆ. ಕಥೆ ಹೇಗೇ ಇರಲಿ, ಬೀದಿಗಳಂತೂ ಇವೆ. ಉತ್ತರ-ದಕ್ಷಿಣವಾಗಿ ಹೋದದ್ದು ದೊಡ್ಡಪೇಟೆ, ಪೂರ್ವ-ಪಶ್ಚಿಮವಾಗಿ ಹೋದದ್ದು ಚಿಕ್ಕಪೇಟೆ. ಎರಡೂ ಕೂಡುವಲ್ಲಿ ಚೌಕ. ದೊಡ್ಡಪೇಟೆ ಬ್ರಿಟಿಷರ ಕಾಲದಲ್ಲಿ ಅವೆನ್ಯೂ ರಸ್ತೆಯಾಯಿತು. ಚಿಕ್ಕಪೇಟೆಯ ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈ ಎರಡು ಬೀದಿಗಳ ಇಕ್ಕೆಲದಲ್ಲಿ ಹುಟ್ಟಿಕೊಂಡ ಸಣ್ಣ ಪೇಟೆಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಬೇಕು. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೆಪೇಟೆ. ಮಡಕೆ ಮಾಡುವವರದು ಕುಂಬಾರಪೇಟೆ, ಎಣ್ಣೆ ತೆಗೆಯುವವರದು ಗಾಣಿಗರಪೇಟೆ, ತೋಟಗಾರಿಕೆಯವರದು ತಿಗಳರಪೇಟೆ, ವರ್ತಕ ಸಮುದಾಯವಾದ ನಗರ್ತರದು ನಗರ್ತಪೇಟೆ. ದವಸ ಧಾನ್ಯದ ಸಗಟು ವ್ಯಾಪಾರಕ್ಕೆ ತರಗುಪೇಟೆ; ತರಗು ಎಂಬ ಹಳೆಯ ಮಾತಿಗೆ ದಲ್ಲಾಳಿತನ ಎಂಬ ಅರ್ಥವೂ ಇದೆ. ಓದು ಬರಹ ಬಾರದವನಿಗೂ ಬೇರೆ ವಿಳಾಸ ಬೇಕಾಗಿರಲಿಲ್ಲ. ಬೇಕಾದ ಸಾಮಾನಿನ ಹೆಸರು ಹೇಳಿದರೆ ಅದೇ ಬೀದಿಯ ಹೆಸರೂ ಆಗಿತ್ತು!

ಕೋಟೆಯ ಬಾಗಿಲುಗಳಿಗೂ ಇದೇ ನಿಯಮ. ಯಲಹಂಕದ ಕಡೆಗೆ ತೆರೆಯುವುದು ಯಲಹಂಕ ಬಾಗಿಲು, ಹಲಸೂರಿನ ಕಡೆಯದು ಹಲಸೂರು ಬಾಗಿಲು. ಇಂದು ಬಾಗಿಲೂ ಇಲ್ಲ, ಮಣ್ಣಿನ ಗೋಡೆಯೂ ಇಲ್ಲ. ಆದರೂ ಪೊಲೀಸ್ ಠಾಣೆಯ ಹೆಸರು ಹಲಸೂರು ಗೇಟ್. ಹೆಸರನ್ನು ಬಿಟ್ಟುಕೊಡದಿರುವುದು ಈ ಊರಿನ ಹಳೆಯ ಚಾಳಿ. ಅವೆನ್ಯೂ ರಸ್ತೆಯ ಉತ್ತರದ ತುದಿಯಲ್ಲಿದ್ದ ಮೈಸೂರು ಬ್ಯಾಂಕು 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದರೂ ಬಸ್ಸಿನ ಕಂಡಕ್ಟರು ಕೂಗುವುದು ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಎಂದೇ.

ಒಂದೇ ಸಾಮಾನು, ಒಂದೇ ಸಾಲು

ಪೇಟೆಗೆ ಹೊಸದಾಗಿ ಬಂದವರನ್ನು ಬೆರಗುಗೊಳಿಸುವ ಸಂಗತಿ ಒಂದಿದೆ. ಬಣ್ಣದ ಅಂಗಡಿಯ ಪಕ್ಕ ಬಣ್ಣದ ಅಂಗಡಿ, ಅದರ ಎದುರಿಗೂ ಬಣ್ಣದ ಅಂಗಡಿ. ಸೀರೆ ಅಂಗಡಿಯ ಮೇಲೆ ಸೀರೆ ಅಂಗಡಿ, ಅದರ ಹಿಂದಿನ ಓಣಿಯಲ್ಲೂ ಸೀರೆ ಅಂಗಡಿ. ಒಂದೇ ಸಾಮಾನನ್ನು ಇಪ್ಪತ್ತು ಜನ ಒಂದೇ ಕಡೆ ಕುಳಿತು ಮಾರಿದರೆ ಯಾರಿಗೆ ತಾನೇ ಲಾಭ? ಊರಿನ ಬೇರೆ ಬೇರೆ ಮೂಲೆಗೆ ಹಂಚಿಕೊಂಡು ಕೂರಬಾರದೆ?

ಇದಕ್ಕೆ ಮೊದಲ ಉತ್ತರ ಚರಿತ್ರೆಯಲ್ಲಿದೆ. ಹಳೆಯ ಕಾಲದಲ್ಲಿ ಕಸುಬು ಮನೆತನದ ಕೂಡ ಬರುತ್ತಿತ್ತು. ಒಂದು ಕಸುಬಿನವರು ಒಂದೇ ಕಡೆ ವಾಸಿಸುತ್ತಿದ್ದರು. ಮನೆಯ ಹಿಂಭಾಗ ಮಗ್ಗ, ಮುಂಭಾಗದ ಜಗಲಿಯೇ ಅಂಗಡಿ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೂ ಬಂದಿದ್ದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಇಲ್ಲಿಯ ಪಟ್ಟೆಗಾರರು, ದೇವಾಂಗದವರು ಮೊದಲಾದ ನೇಕಾರರು ಯಾರು ಯಾವ ಬಟ್ಟೆ ನೇಯುತ್ತಾರೆ, ಬಣ್ಣ ಹೇಗೆ ಹಾಕುತ್ತಾರೆ, ಯಾವ ಸರಕು ಎಲ್ಲಿಂದ ಬರುತ್ತದೆ ಎಂಬ ವಿವರಗಳಿವೆ.

ಎರಡನೆಯ ಉತ್ತರ ಲೆಕ್ಕಾಚಾರದ್ದು. ಇಪ್ಪತ್ತು ಅಂಗಡಿ ಒಂದೆಡೆ ಇದ್ದರೆ ಗಿರಾಕಿ ಧೈರ್ಯದಿಂದ ಬರುತ್ತಾನೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಕ್ಕೀತೆಂಬ ಭರವಸೆ ಅವನದು. ಒಬ್ಬನೇ ವ್ಯಾಪಾರಿ ಮೂಲೆಯಲ್ಲಿ ಕುಳಿತರೆ ಅವನ ಬಳಿಗೆ ಬರುವವರು ಅಕ್ಕಪಕ್ಕದವರಷ್ಟೇ. ಬೀದಿಗೆ ಹೆಸರು ಬಂದರೆ ದೂರದ ಊರಿನವರೂ ಬರುತ್ತಾರೆ. ಹೀಗಾಗಿ ಪಕ್ಕದ ಅಂಗಡಿಯವನು ಪೈಪೋಟಿಗಾರನೂ ಹೌದು, ಗಿರಾಕಿಯನ್ನು ಈ ಬೀದಿಗೆ ಕರೆತಂದ ಉಪಕಾರಿಯೂ ಹೌದು. ‘ಆ ಡಿಸೈನ್ ನಮ್ಮಲ್ಲಿಲ್ಲ, ಎರಡು ನಿಮಿಷ ಕೂತಿರಿ’ ಎಂದು ಹುಡುಗನನ್ನು ಓಡಿಸಿ ಪಕ್ಕದ ಅಂಗಡಿಯಿಂದ ಸೀರೆ ತರಿಸಿ ತೋರಿಸುವುದು ಚಿಕ್ಕಪೇಟೆಯಲ್ಲಿ ದಿನನಿತ್ಯದ ಮಾತು.

ಮೂರನೆಯದು ಪೂರಕ ಕಸುಬುಗಳ ಸಂಗತಿ. ಸೀರೆ ಅಂಗಡಿಗಳು ಸಾಲಾಗಿದ್ದರೆ ಅವುಗಳ ನೆರಳಿನಲ್ಲಿ ಫಾಲ್ಸ್ ಹೊಲಿಯುವವರು, ಕುಚ್ಚು ಕಟ್ಟುವವರು, ಲೇಸು-ಜರಿ ಮಾರುವವರು, ಹಳೆಯ ಜರಿ ಕೊಳ್ಳುವವರು ಬದುಕುತ್ತಾರೆ. ಒಡವೆಯಂಗಡಿಗಳು ಸಾಲಾಗಿದ್ದರೆ ಅಲ್ಲೇ ಹಿಂದಿನ ಓಣಿಗಳಲ್ಲಿ ಪಾಲಿಶ್ ಹಾಕುವವರು, ಮುತ್ತು ಪೋಣಿಸುವವರು, ಹರಳು ಕೂರಿಸುವವರು ಇರುತ್ತಾರೆ. ಇವರಲ್ಲಿ ಯಾರನ್ನೂ ಒಂದು ಅಂಗಡಿ ಒಂಟಿಯಾಗಿ ಸಾಕಲಾರದು, ಬೀದಿ ಸಾಕುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ಆಗುವ ಇಂಥ ಅನುಕೂಲಗಳನ್ನು 1890ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅವನ ಪುಸ್ತಕ ಬರುವ ಹೊತ್ತಿಗೆ ಪೇಟೆಯವರು ಇದೇ ತತ್ವದ ಮೇಲೆ ಮೂರು ಶತಮಾನಕ್ಕೂ ಮೀರಿ ವ್ಯಾಪಾರ ನಡೆಸಿದ್ದರು.

ಬದಲಾದ ಕಸುಬು, ಬದಲಾಗದ ರೀತಿ

ಆದರೆ ಹೆಸರನ್ನೇ ನಂಬಿ ಹೊರಟವರು ಇಂದು ಮೋಸಹೋಗುವುದೂ ಉಂಟು. ಕುಂಬಾರಪೇಟೆಯಲ್ಲಿ ಮಡಕೆ ಹುಡುಕಿದರೆ, ಗಾಣಿಗರಪೇಟೆಯಲ್ಲಿ ಗಾಣ ಹುಡುಕಿದರೆ ಸಿಕ್ಕೀತೇ? ಕಸುಬುಗಳು ಹೋಗಿವೆ. ಆದರೆ ‘ಒಂದು ಸಾಲಿಗೆ ಒಂದು ಸಾಮಾನು’ ಎಂಬ ಪದ್ಧತಿ ಹೋಗಿಲ್ಲ. ಹಳೆಯ ಕಸುಬು ಖಾಲಿ ಮಾಡಿದ ಜಾಗಕ್ಕೆ ಹೊಸ ಕಸುಬು ಗುಂಪಾಗಿಯೇ ಬಂದು ಕುಳಿತಿದೆ.

ಬಳೆಪೇಟೆಗೆ ಇಂದು ಬಳೆಗಿಂತ ಹೆಚ್ಚಾಗಿ ವಾದ್ಯಗಳಿಗಾಗಿ ಜನ ಹೋಗುತ್ತಾರೆ. ಮೃದಂಗ, ತಬಲ, ಹಾರ್ಮೋನಿಯಂ, ವೀಣೆ ಎಲ್ಲವನ್ನೂ ಮಾರುವ, ರಿಪೇರಿ ಮಾಡುವ ಅಂಗಡಿಗಳು ಅಲ್ಲಿವೆ. ಅವೆನ್ಯೂ ರಸ್ತೆ ಪುಸ್ತಕದ ಬೀದಿ. ಶಾಲಾ ಕಾಲೇಜು ತೆರೆಯುವ ದಿನಗಳಲ್ಲಿ ಪಠ್ಯಪುಸ್ತಕ, ಗೈಡು, ನೋಟ್‌ಬುಕ್ಕಿಗಾಗಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫುಟ್‌ಪಾತಿನ ಹಳೆಯ ಪುಸ್ತಕದ ರಾಶಿಯಲ್ಲಿ ಅರ್ಧ ಬೆಲೆಗೆ ಎಂಜಿನಿಯರಿಂಗ್ ಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಅದೇ ರಾಶಿಗೆ ಮರಳಿ ಮಾರಿದವರು ಇಂದು ದೊಡ್ಡ ಹುದ್ದೆಗಳಲ್ಲಿದ್ದಾರೆ.

ಎಸ್.ಪಿ. ರಸ್ತೆಯದು ಇನ್ನೂ ಸ್ವಾರಸ್ಯದ ಕಥೆ. ಬೆಂಗಳೂರು ಕಂಪ್ಯೂಟರ್ ನಗರವಾಗುತ್ತಿದ್ದಂತೆ ಬಿಡಿಭಾಗಗಳ ವ್ಯಾಪಾರ ಹೊಸ ಬಡಾವಣೆಗಳನ್ನು ಹುಡುಕಿಕೊಂಡು ಹೋಗಲಿಲ್ಲ, ಹಳೆಯ ಪೇಟೆಗೇ ಬಂತು. ಮದರ್‌ಬೋರ್ಡು, ಕೇಬಲ್ಲು, ಕೆಪಾಸಿಟರು, ಕ್ಯಾಮೆರಾ, ಸೆನ್ಸರುಗಳನ್ನು ತರಕಾರಿಯಂತೆ ಹರವಿಕೊಂಡ ಅಂಗಡಿಗಳು ಅಲ್ಲಿ ಸಾಲಾಗಿವೆ. ಕಾಲೇಜಿನ ಪ್ರಾಜೆಕ್ಟಿಗೆ ಬಿಡಿಭಾಗ ಹುಡುಕುವ ವಿದ್ಯಾರ್ಥಿಯೂ ಕಚೇರಿಗೆ ಹತ್ತು ಕಂಪ್ಯೂಟರ್ ಜೋಡಿಸಿಕೊಡುವ ಗುತ್ತಿಗೆದಾರನೂ ಇಲ್ಲಿ ಒಂದೇ ಕೌಂಟರಿನ ಮುಂದೆ ನಿಲ್ಲುತ್ತಾರೆ.

ಮಾಮೂಲ್‌ಪೇಟೆಯಲ್ಲಿ ಆಟಿಕೆ, ಪ್ಲಾಸ್ಟಿಕ್ ಸಾಮಾನು, ಫ್ಯಾನ್ಸಿ ಸಾಮಾನು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವಿದ್ಯುತ್ ದೀಪ, ಸ್ವಿಚ್ಚು, ಫ್ಯಾನು. ಎಸ್.ಜೆ.ಪಿ. ರಸ್ತೆಯಲ್ಲಿ ಹಾರ್ಡ್‌ವೇರು, ಯಂತ್ರೋಪಕರಣ. ಹೊಸ ತರಗುಪೇಟೆಯಲ್ಲಿ ಧಾನ್ಯ, ಬೇಳೆ. ದೀಪಾವಳಿ ಬಂದರೆ ಪಟಾಕಿ. ಭಾನುವಾರ ಪೇಟೆಯ ಬಹುತೇಕ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದಿನ ರಸ್ತೆಯಲ್ಲೇ ಇನ್ನೊಂದು ಬಜಾರು ನೆರೆಯುತ್ತದೆ. ಹಳೆಯ ಗಡಿಯಾರ, ಸ್ಪ್ಯಾನರು, ರೇಡಿಯೋ, ಶೂ, ಕ್ಯಾಮೆರಾ ಏನುಂಟು ಏನಿಲ್ಲ! ಜನ ಇದನ್ನು ಚೋರ್ ಬಜಾರ್ ಎಂದು ಕರೆದರೂ ಇಲ್ಲಿ ಮಾರುವವರಲ್ಲಿ ಹೆಚ್ಚಿನವರು ಗುಜರಿ ವ್ಯಾಪಾರದಿಂದ ಹೊಟ್ಟೆ ಹೊರೆಯುವ ಬಡವರು.

ಕೆರೆಯ ಮೇಲೆ ಮಾರುಕಟ್ಟೆ

ಅವೆನ್ಯೂ ರಸ್ತೆಯ ದಕ್ಷಿಣದ ತುದಿಗೆ ಬಂದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಜನರ ಬಾಯಲ್ಲಿ ಇದು ‘ಸಿಟಿ ಮಾರ್ಕೆಟ್’. ಪೇಟೆಗೂ ಕಲ್ಲಿನ ಕೋಟೆಗೂ ನಡುವಿನ ಈ ಜಾಗದಲ್ಲಿ ಹಿಂದೆ ಇದ್ದದ್ದು ಸಿದ್ಧಿಕಟ್ಟೆ ಎಂಬ ಕೆರೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಬೀದಿದೀಪ ಹತ್ತಿದ್ದು ಈ ಆಸುಪಾಸಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಮಾರುಕಟ್ಟೆಯ ಕಟ್ಟಡ ಎದ್ದದ್ದು 1928ರಲ್ಲಿ. ಇಂದು ಅದರ ನೆತ್ತಿಯ ಮೇಲೆ 1999ರಲ್ಲಿ ಮುಗಿದ ಮೇಲ್ಸೇತುವೆ ಹಾದುಹೋಗಿದೆ, ನೆಲದಡಿ ಮೆಟ್ರೊ ರೈಲು ಓಡುತ್ತಿದೆ.

ಈ ಮಾರುಕಟ್ಟೆಯನ್ನು ನೋಡಬೇಕಾದವರು ನಸುಕಿನಲ್ಲಿ ಹೋಗಬೇಕು. ಸುತ್ತಲಿನ ಆನೇಕಲ್, ಹೊಸಕೋಟೆ, ಚಿಕ್ಕಬಳ್ಳಾಪುರ, ಗಡಿಯಾಚೆಯ ಹೊಸೂರು ಕಡೆಗಳಿಂದ ರಾತ್ರಿಯೇ ಹೊರಟ ಹೂವಿನ ಮೂಟೆಗಳು ಬೆಳಕು ಹರಿಯುವ ಮೊದಲು ಇಲ್ಲಿ ಬಿಚ್ಚಿಕೊಳ್ಳುತ್ತವೆ. ಸೇವಂತಿಗೆ, ಚೆಂಡುಹೂ, ಗುಲಾಬಿ, ಕನಕಾಂಬರ, ಮಲ್ಲಿಗೆ. ಸಗಟಿನಲ್ಲಿ ಕಿಲೋ ಲೆಕ್ಕ. ಕಟ್ಟಿದ ಮೇಲೆ ಅದೇ ಹೂವು ಮೊಳ, ಮಾರಿನ ಲೆಕ್ಕಕ್ಕೆ ತಿರುಗುತ್ತದೆ. ಬಡಾವಣೆಗಳ ಹೂವಾಡಗಿತ್ತಿಯರು ಬೆಳಗಿನ ಮೊದಲ ಬಸ್ಸು ಹಿಡಿದು ಬುಟ್ಟಿ ತುಂಬಿಕೊಂಡು ಹೋಗುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಆಯುಧಪೂಜೆಯ ಹಿಂದಿನ ದಿನ ಇಲ್ಲಿ ಬೆಲೆ ಗಂಟೆಗೊಮ್ಮೆ ಏರುತ್ತದೆ. ಹಬ್ಬ ಮುಗಿದ ಮಾರನೆಯ ದಿನ ಅದೇ ಹೂವನ್ನು ಕೇಳುವವರಿಲ್ಲ. ಬೇಡಿಕೆ-ಪೂರೈಕೆಯ ಪಾಠವನ್ನು ಇಷ್ಟು ಚೆನ್ನಾಗಿ ಹೇಳಿಕೊಡುವ ಇನ್ನೊಂದು ಶಾಲೆ ಊರಲ್ಲಿಲ್ಲ.

ದಂಡಿನ ಬಜಾರು, ಬಡಾವಣೆಯ ಬಜಾರು

ಬೆಂಗಳೂರಿನಲ್ಲಿ ಕೊಳ್ಳುವುದಕ್ಕೆ ಪೇಟೆಯೊಂದೇ ಇರುವುದೇ? ಇಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದ ಮೇಲೆ ಊರು ಎರಡಾಯಿತು. ಪೇಟೆಯ ಕಡೆಯದು ಸಿಟಿ, ದಂಡಿನ ಕಡೆಯದು ಕಂಟೋನ್ಮೆಂಟ್. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆ ಬಂತು. ಇವೆರಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ದಂಡಿನ ರಸ್ತೆಗಳ ಹೆಸರನ್ನು ಪೇಟೆಯ ಹೆಸರಿನ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಇಲ್ಲಿ ಅಕ್ಕಿ, ರಾಗಿ, ಬಳೆ. ಅಲ್ಲಿ ಬ್ರಿಗೇಡ್, ಇನ್‌ಫೆಂಟ್ರಿ, ಆರ್ಟಿಲರಿ, ಕ್ಯಾವಲ್ರಿ. ಪೇಟೆ ಸರಕಿನ ಹೆಸರಿನಲ್ಲಿ ಬೆಳೆಯಿತು, ದಂಡು ಸೈನ್ಯದ ಹೆಸರಿನಲ್ಲಿ. ಕವಾಯತು ಮೈದಾನದ ಅಂಚಿನ ಸೌತ್ ಪೆರೇಡ್ ಸ್ವಾತಂತ್ರ್ಯದ ನಂತರ ಮಹಾತ್ಮ ಗಾಂಧಿ ರಸ್ತೆಯಾಯಿತು. ಅಧಿಕಾರಿಗಳಿಗಾಗಿ ಹುಟ್ಟಿದ ಗಾಜಿನ ಕಿಟಕಿಯ ಅಂಗಡಿಗಳು ಅಲ್ಲಿ. ಅದರಾಚೆ ಬಟ್ಟೆಬರೆಗೆ ಕಮರ್ಷಿಯಲ್ ಸ್ಟ್ರೀಟ್. ಮಾಂಸ, ಮೀನು, ಹಣ್ಣು, ತರಕಾರಿಗೆ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ. ರಂಜಾನ್ ತಿಂಗಳ ಸಂಜೆ ಶಿವಾಜಿನಗರದ ಬೀದಿಗಳ ಕಳೆಯೇ ಬೇರೆ.

ಮೂರನೆಯ ಬಗೆಯ ಬಜಾರು ಬಡಾವಣೆಗಳದು. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಲ್ಲಿ ಜನ ಹುಳಗಳಂತೆ ಸತ್ತರು. ಗಾಳಿ ಬೆಳಕಿನ ಅಗಲ ರಸ್ತೆಗಳಿರುವ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದ ಹಿನ್ನೆಲೆಯಲ್ಲಿ. ಅಲ್ಲಿಗೆ ಹೋದ ಸಂಸಾರಗಳ ಹಿಂದೆಯೇ ಗಾಂಧಿ ಬಜಾರು, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಅಂಗಡಿಗಳು ಬಂದವು. ಪೂಜೆಯ ಹೂವು, ಬಾಳೆಲೆ, ಅವರೆಕಾಯಿ, ಕಾಫಿಪುಡಿ ಇಂಥ ದಿನಬಳಕೆಯ ವಸ್ತುಗಳಿಗೆ ಇವು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದಂದಿನಿಂದ ನಾಲ್ಕನೆಯ ಬಗೆಯೂ ಬಂತು: ಒಂದೇ ಸೂರಿನಡಿ ಎಲ್ಲ, ತಂಪು ಗಾಳಿ, ಚಲಿಸುವ ಮೆಟ್ಟಿಲು, ಕಾರಿಗೆ ಜಾಗ.

ಹೀಗಿರುವಾಗ ಜನ ಇಕ್ಕಟ್ಟಿನ ಪೇಟೆಗೆ ಏಕೆ ಬರಬೇಕು? ಬೆಲೆಗಾಗಿ ಎನ್ನುವುದು ಅರ್ಧ ಉತ್ತರ. ಮಾಲ್ ಮಾರುವುದು ಬಳಸುವವನಿಗೆ. ಪೇಟೆ ಮಾರುವುದು ಮಾರುವವನಿಗೆ. ತುಮಕೂರು, ಕೋಲಾರ, ಮಂಡ್ಯ, ಹಾಸನದ ಸಣ್ಣ ಅಂಗಡಿಯವರು ಬೆಳಗಿನ ರೈಲು ಬಸ್ಸು ಹಿಡಿದು ಚೀಟಿಯೊಂದಿಗೆ ಇಲ್ಲಿಗೆ ಬರುತ್ತಾರೆ. ಡಜನ್ ಲೆಕ್ಕದಲ್ಲಿ ಕೊಂಡು, ಮೂಟೆ ಕಟ್ಟಿಸಿ, ಲಾರಿ ಪಾರ್ಸೆಲ್ ಆಫೀಸಿಗೆ ಕೊಟ್ಟು ಸಂಜೆಗೆ ಊರು ಸೇರುತ್ತಾರೆ. ಮುಖಪರಿಚಯವಿದ್ದರೆ ಅರ್ಧ ದುಡ್ಡು ನಗದು, ಉಳಿದದ್ದು ಮುಂದಿನ ಸಲ. ಹಳ್ಳಿಯ ಅಂಗಡಿಯಲ್ಲಿ ತೂಗುಹಾಕಿದ ಬಲೂನು, ಶಾಲೆಯ ಪಕ್ಕದ ಅಂಗಡಿಯ ಜಾಮಿಟ್ರಿ ಬಾಕ್ಸು, ಜಾತ್ರೆಯ ಬಳೆ ಇವೆಲ್ಲ ಎಷ್ಟೋ ಸಲ ಈ ಓಣಿಗಳನ್ನು ದಾಟಿಯೇ ಹೋಗಿರುತ್ತವೆ. ಪೇಟೆ ಬೆಂಗಳೂರಿನ ಅಂಗಡಿ ಮಾತ್ರವಲ್ಲ, ಹಳೆಯ ಮೈಸೂರು ಸೀಮೆಯ ಉಗ್ರಾಣ.

ಕೊಳ್ಳುವವರಿಗೆ ನಾಲ್ಕು ಮಾತು

ಪೇಟೆಯಲ್ಲಿ ಕೊಳ್ಳುವುದಕ್ಕೂ ಒಂದು ಕ್ರಮವಿದೆ. ಸಗಟು ಅಂಗಡಿಗಳು ಬಾಗಿಲು ತೆಗೆಯುವುದು ಹತ್ತರ ಮೇಲೆ. ವಾರದ ದಿನ ಬೆಳಿಗ್ಗೆ ಹೋದವರಿಗೆ ನಾಲ್ಕು ಅಂಗಡಿ ನೋಡಲು ಬಿಡುವು ಸಿಗುತ್ತದೆ. 2017ರ ಜೂನ್‌ನಿಂದ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆಗಳಲ್ಲಿ ಮೆಟ್ರೊ ನಿಲ್ದಾಣ ಇರುವುದರಿಂದ ಸ್ವಂತ ವಾಹನ ಒಯ್ದು ನಿಲ್ಲಿಸಲು ಜಾಗ ಹುಡುಕುವ ಪಾಡು ಬೇಕಿಲ್ಲ.

ಮೊದಲ ಅಂಗಡಿಯಲ್ಲಿ ಕೊಳ್ಳಬಾರದು ಎಂಬುದು ಹಳಬರ ನಿಯಮ. ಒಂದೇ ಸಾಲಿನಲ್ಲಿ ಒಂದೇ ಸರಕು ಇರುವುದರ ಪ್ರಯೋಜನ ಪಡೆಯುವುದೇ ಹೋಲಿಕೆಯಿಂದ. ಚಿಕ್ಕಪೇಟೆಯ ಅಂಗಡಿಯಲ್ಲಿ ಬಿಳಿ ಹಾಸು ಹಾಸಿದ ಗಾದಿಯ ಮೇಲೆ ಕುಳಿತು ‘ಇನ್ನೂ ತೋರಿಸಿ’ ಎಂದರೆ ಐವತ್ತು ಸೀರೆ ಬಿಚ್ಚಿಕೊಳ್ಳುತ್ತವೆ. ಕೊಳ್ಳದೆ ಎದ್ದು ಬಂದರೂ ಬೇಸರಿಸಿಕೊಳ್ಳದಿರುವುದು ಅಲ್ಲಿಯ ವ್ಯಾಪಾರದ ಶಿಸ್ತು. ಕೆಲವು ಅಂಗಡಿಗಳಲ್ಲಿ ಚೌಕಾಸಿ ನಡೆಯುತ್ತದೆ; ಕೆಲವು ಕಡೆ ‘ಒಂದೇ ದರ’ ಎಂಬ ಫಲಕವಿರುತ್ತದೆ. ಫಲಕವಿದ್ದಲ್ಲಿ ಗಂಟಲು ಒಣಗಿಸಿಕೊಂಡು ಪ್ರಯೋಜನವಿಲ್ಲ.

ಕಣ್ಣಿಗೆ ಕಂಡದ್ದೆಲ್ಲ ರೇಷ್ಮೆಯಲ್ಲ. ಸೆರಗಿನ ಅಂಚಿನ ಒಂದು ಎಳೆಯನ್ನು ಸುಟ್ಟರೆ ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿ ಬಿಡುತ್ತದೆ. ಕೃತಕ ನೂಲು ಕರಗಿ ಗಂಟಾಗುತ್ತದೆ. ಈ ಪರೀಕ್ಷೆಗೆ ಅವಕಾಶವಿಲ್ಲದವರು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಚೀಟಿ ಕೇಳಬಹುದು. ಚಿನ್ನಕ್ಕೆ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇದೆಯೇ ಎಂದು ನೋಡಿಕೊಂಡು, ಬಿಲ್ಲು ಪಡೆದೇ ಹೊರಡಬೇಕು. ಎಲೆಕ್ಟ್ರಾನಿಕ್ ವಸ್ತುಗಳಿಗಂತೂ ಬಿಲ್ಲು, ವಾರಂಟಿ ಚೀಟಿ ಎರಡೂ ಬೇಕು. ಅಗ್ಗವೆಂದು ಬರಿಗೈ ಮಾತಿನ ಮೇಲೆ ಕೊಂಡ ವಸ್ತು ಕೆಟ್ಟರೆ ಕೇಳುವ ಹಕ್ಕು ಇರುವುದಿಲ್ಲ.

ಉಳಿದು ಬಂದದ್ದು, ಉಳಿಯಬೇಕಾದದ್ದು

ಪೇಟೆ ಸುಖವಾಗಿ ಬೆಳೆದು ಬಂದದ್ದಲ್ಲ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ ಮೊದಲು ಪೇಟೆಯನ್ನು, ಎರಡು ವಾರದ ನಂತರ ಕೋಟೆಯನ್ನು ಹಿಡಿಯಿತು. ಪೇಟೆ ಲೂಟಿಯಾಯಿತು, ಜನ ಊರು ಬಿಟ್ಟರು. ಒಂಬತ್ತು ವರ್ಷದ ನಂತರ ಬುಕಾನನ್ ಬರುವ ಹೊತ್ತಿಗೆ ವ್ಯಾಪಾರ ಮತ್ತೆ ಚಿಗುರುತ್ತಿತ್ತು. 1898ರ ಪ್ಲೇಗಿನಲ್ಲಿ ಮತ್ತೆ ಬೀದಿ ಬರಿದಾಯಿತು, ಮತ್ತೆ ತುಂಬಿತು. ನಗದಿನ ಮೇಲೆಯೇ ನಡೆಯುತ್ತಿದ್ದ ವ್ಯಾಪಾರಕ್ಕೆ 2016ರ ನೋಟು ರದ್ದತಿ ಪೆಟ್ಟು ಕೊಟ್ಟಿತು. 2020ರ ಕೋವಿಡ್ ಕಾಲದಲ್ಲಿ ಸಿಟಿ ಮಾರುಕಟ್ಟೆ ತಿಂಗಳುಗಟ್ಟಲೆ ಮುಚ್ಚಿತ್ತು. ಇಂದು ಹೂವಾಡಗಿತ್ತಿಯ ಬುಟ್ಟಿಗೂ ಮೊಬೈಲಿನಲ್ಲಿ ದುಡ್ಡು ಕಳಿಸುವ ಚೌಕದ ಚೀಟಿ ಅಂಟಿಕೊಂಡಿದೆ. ಪೇಟೆ ಹೊಸದಕ್ಕೆ ಹೊಂದಿಕೊಳ್ಳುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ.

ಆದರೆ ಈಗಿನ ಅಪಾಯ ಒಳಗಿನದು. ಅಂಗಡಿಯ ಮೇಲೆ ಮನೆಯಿದ್ದ ಕಟ್ಟಡಗಳು ಒಂದೊಂದಾಗಿ ಗೋದಾಮುಗಳಾಗುತ್ತಿವೆ. ಎರಡು ಗಾಡಿ ಎದುರುಬದುರಾದರೆ ನಿಂತುಹೋಗುವ ಓಣಿಗಳಲ್ಲಿ ನಾಲ್ಕೈದು ಅಂತಸ್ತು ಏರಿವೆ. ಪ್ಲಾಸ್ಟಿಕ್, ಬಟ್ಟೆ, ಕಾಗದ ಒಂದರ ಮೇಲೊಂದು ತುಂಬಿವೆ. ಕಿರಿದಾದ ಒಂದೇ ಮೆಟ್ಟಿಲು, ತಲೆಯ ಮೇಲೆ ತಂತಿಗಳ ಜಡೆ. 2021ರ ಸೆಪ್ಟೆಂಬರ್‌ನಲ್ಲಿ ಹೊಸ ತರಗುಪೇಟೆಯ ಗೋದಾಮೊಂದರಲ್ಲಿ ಸ್ಫೋಟ ಸಂಭವಿಸಿ ಸಾವುನೋವಾಯಿತು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಒಳಗಿದ್ದವರು ಹೊರಬರಲಾಗದೆ ಸತ್ತರು. ಅಗ್ನಿಶಾಮಕ ವಾಹನ ಸಲೀಸಾಗಿ ನುಗ್ಗಲಾಗದ ಬೀದಿಗಳಲ್ಲಿ ಇಂಥ ಸರಕು ಪೇರಿಸಲು ಬಿಡುವುದು ಎಷ್ಟು ದಿನ?

ಇದಕ್ಕೆ ಪರಿಹಾರವೆಂದು ಆಗಾಗ ಕೇಳಿಬರುವ ಮಾತು ಎರಡು. ರಸ್ತೆ ಅಗಲ ಮಾಡಿ. ಇಲ್ಲವೇ ವ್ಯಾಪಾರವನ್ನು ಊರಾಚೆಗೆ ಸಾಗಿಸಿ. 2010ರ ಆಸುಪಾಸಿನಲ್ಲಿ ಅವೆನ್ಯೂ ರಸ್ತೆ ಅಗಲೀಕರಣದ ಮಾತು ಬಂದಾಗ ವರ್ತಕರು ಬಲವಾಗಿ ವಿರೋಧಿಸಿದರು. ಅವರ ವಿರೋಧದಲ್ಲಿ ಸ್ವಾರ್ಥವಿಲ್ಲವೆಂದಲ್ಲ. ಆದರೆ ಬೀದಿಯ ಇಕ್ಕೆಲವನ್ನೂ ಕೆಡವಿದರೆ ಹೋಗುವುದು ಗೋಡೆ ಮಾತ್ರವಲ್ಲ, ಆ ಬೀದಿಯನ್ನು ನಂಬಿದ ಕುಚ್ಚು ಕಟ್ಟುವವರು, ಹರಳು ಕೂರಿಸುವವರು, ಮೂಟೆ ಹೊರುವ ಹಮಾಲಿಗಳು ಎಲ್ಲರೂ ಚದುರುತ್ತಾರೆ. ಅಂಗಡಿಯನ್ನು ಎತ್ತಿ ಇನ್ನೊಂದು ಕಡೆ ಇಡಬಹುದು. ನೆರೆಹೊರೆಯನ್ನು ಹಾಗೆ ಎತ್ತಿಡಲಾಗದು.

ಹಾಗಾದರೆ ನಡುವಿನ ದಾರಿ ಇಲ್ಲವೆ? ಧಾನ್ಯ, ಈರುಳ್ಳಿ, ಆಲೂಗಡ್ಡೆಯ ಭಾರಿ ವಹಿವಾಟಿಗೆ ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣ ಇರುವಂತೆ, ಬೆಂಕಿ ಹೊತ್ತುವ ಸರಕಿನ ಗೋದಾಮುಗಳನ್ನು ಹೊರಗೆ ಸಾಗಿಸಿ ಅಂಗಡಿ ಮತ್ತು ಕುಶಲಕರ್ಮಿಗಳನ್ನು ಇಲ್ಲೇ ಉಳಿಸಿಕೊಳ್ಳಬಹುದು. ಮೂಟೆ ಇಳಿಸುವ ಲಾರಿಗೆ ರಾತ್ರಿಯನ್ನೂ ನಡೆಯುವ ಗಿರಾಕಿಗೆ ಹಗಲನ್ನೂ ಬಿಟ್ಟುಕೊಟ್ಟರೆ ಇದೇ ಬೀದಿ ಅಗಲವಾಗುತ್ತದೆ.

ವರ್ಷಕ್ಕೊಮ್ಮೆ ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆ ಹೀಗೆ ನಡೆಯುವವರ ಪಾಲಾಗುವುದೂ ಉಂಟು. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಈ ಬೀದಿಗಳಲ್ಲೇ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಮಲ್ಲಿಗೆಯ ಆ ಮೆರವಣಿಗೆ ಹಾದುಹೋಗುವ ದಾರಿ ಬಹುಮಟ್ಟಿಗೆ ಹಳೆಯ ಪೇಟೆಯ ನಕ್ಷೆಯೇ. ಕುಂಬಾರಪೇಟೆಯಲ್ಲಿ ಕುಂಬಾರನಿಲ್ಲದೆ, ಗಾಣಿಗರಪೇಟೆಯಲ್ಲಿ ಗಾಣವಿಲ್ಲದೆ ಹೆಸರು ಮಾತ್ರ ಉಳಿದಿರುವುದನ್ನು ಊರು ಈಗಾಗಲೇ ಕಂಡಿದೆ. ಸೀರೆಯಿಲ್ಲದ ಚಿಕ್ಕಪೇಟೆ, ಪುಸ್ತಕವಿಲ್ಲದ ಅವೆನ್ಯೂ ರಸ್ತೆ ಆ ಸಾಲಿಗೆ ಸೇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಅಲ್ಲಿ ಮಾರುವವರು ಮಾತ್ರವಲ್ಲ, ಕೊಳ್ಳುವವರೂ ಹೌದು.